ಟ್ರಿಗರ್ ಬೇಕೋ, ಲಯನ್‌ಫಿಶ್ ಬೇಕೋ, ಮೊದಲು ಅದು ತೀರ್ಮಾನವಾಗಲಿ

ಪ್ರೀತಿಯ ಸುಹಾಸ,

ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಸಾಕಬೇಕೆಂದು ನೀನು ಕಳಿಸಿದ ಕಡಲ ಮೀನುಗಳ ಪಟ್ಟಿ ನೋಡಿದೆ. ಲಯನ್‌ಫಿಶ್, ಕ್ಲೌನ್ ಟ್ರಿಗರ್, ಪ್ಯಾಂಥರ್ ಗ್ರೂಪರ್, ಹಾವಿನಂತೆ ಉದ್ದನೆಯ ಸ್ನೋಫ್ಲೇಕ್ ಈಲ್, ಜೊತೆಗೆ ಒಂದಿಷ್ಟು ಪುಟ್ಟ ಡ್ಯಾಮ್ಸೆಲ್ ಮೀನು. ಒಂದೊಂದೂ ಚೆಂದದ ಮೀನೇ. ಆದರೆ ಅಷ್ಟನ್ನೂ ಒಂದೇ 500 ಲೀಟರ್ ಟ್ಯಾಂಕಿಗೆ ಬಿಡಬೇಡ. "ಎಲ್ಲವೂ ಜೋರಿನ ಮೀನುಗಳೇ ಅಲ್ವಾ, ಹೊಂದಿಕೊಳ್ಳುತ್ತವೆ" ಎಂದು ಬರೆದಿದ್ದೀಯ. ಎಡವುತ್ತಿರುವುದು ಅಲ್ಲೇ. ಒಂದು ಮೀನಿನ ಜೋರೇ ಬೇರೆ, ಇನ್ನೊಂದರದೇ ಬೇರೆ.

ಲಯನ್‌ಫಿಶ್ ಜಗಳಗಂಟಿಯೇ ಅಲ್ಲ. ಅದು ಬೇಟೆಗಾರ. ನಿಧಾನವಾಗಿ ತೇಲುತ್ತಾ ಬಂದು, ಬಾಯೊಳಗೆ ಹಿಡಿಯುವಂಥದ್ದನ್ನು ಒಂದೇ ಗುಟುಕಿಗೆ ನುಂಗುತ್ತದೆ. ಬಾಯಿಗೆ ಹಿಡಿಯದಷ್ಟು ದೊಡ್ಡ ಮೀನಿನ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಗ್ರೂಪರ್ ಸ್ವಭಾವವೂ ಬಹುಮಟ್ಟಿಗೆ ಹಾಗೆಯೇ. ನಿನ್ನ ಡ್ಯಾಮ್ಸೆಲ್‌ಗಳು ಇವೆರಡಕ್ಕೂ ಊಟ, ಅಷ್ಟೇ.

ಟ್ರಿಗರ್ ಹಾಗಲ್ಲ. ಏಡಿ, ಚಿಪ್ಪು ಒಡೆದು ತಿನ್ನುವ ಹಲ್ಲು ಅದರದು. ಏನು ಕಂಡರೂ ಕಚ್ಚಿ ನೋಡುತ್ತದೆ. ಲಯನ್‌ಫಿಶ್‌ನ ಉದ್ದುದ್ದ ರೆಕ್ಕೆಗಳು ಕಣ್ಣೆದುರು ತೂಗಾಡುತ್ತಿದ್ದರೆ ಸುಮ್ನೆ ಬಿಟ್ಟೀತೇ? ಮೊದಲು ತುದಿ ಹರಿಯುತ್ತದೆ, ಆಮೇಲೆ ಗಾಯಕ್ಕೆ ಸೋಂಕು ತಗಲುತ್ತದೆ. ಲಯನ್‌ಫಿಶ್ ಓಡಿ ತಪ್ಪಿಸಿಕೊಳ್ಳುವ ಮೀನಲ್ಲ. ಮುಳ್ಳಲ್ಲಿ ವಿಷವಿದ್ದರೂ ಈ ಕಾಟದಿಂದ ಅದು ಪಾರಾಗುವುದು ಕಷ್ಟ. ಪಫರ್ ಮೀನಿಗೂ ಹೀಗೆ ರೆಕ್ಕೆ ಕಚ್ಚುವ ಚಟ ಇದೆ, ಅದನ್ನೂ ಲಯನ್‌ಫಿಶ್ ಜೊತೆ ಬಿಡಬೇಡ.

ಊಟದ ವಿಷಯವನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಬೆಳೆದ ಲಯನ್‌ಫಿಶ್‌ಗೆ ವಾರಕ್ಕೆ ಎರಡು ಮೂರು ಸಲ ಕೊಟ್ಟರೆ ಸಾಕು. ಟ್ರಿಗರ್‌ಗೆ ದಿನಾ ಬೇಕು, ನುಗ್ಗಿ ಕಿತ್ತುಕೊಂಡು ತಿನ್ನುತ್ತದೆ. ಲಯನ್‌ಫಿಶ್ ಗುರಿ ಹಿಡಿಯುವಷ್ಟರಲ್ಲಿ ತುಂಡು ಮಾಯ. ಯಾರೂ ಯಾರನ್ನೂ ಕಚ್ಚದಿದ್ದರೂ ಒಂದು ಮೀನು ಹಸಿದು ಸೊರಗುವುದುಂಟು. ಅದಕ್ಕೇ ಜೊತೆ ಆರಿಸುವಾಗ ಬಾಯಿಯ ಅಳತೆಯ ಜೊತೆಗೆ ತಿನ್ನುವ ವೇಗವನ್ನೂ ನೋಡು ಎನ್ನುವುದು.

ಹಾಗಾಗಿ ಮಗು, ನಿನಗೆ ಮುಖ್ಯವಾದ ಮೀನು ಯಾವುದು ಅಂತ ಮೊದಲು ತೀರ್ಮಾನ ಮಾಡು. ಉಳಿದವನ್ನು ಅದಕ್ಕೆ ಹೊಂದಿಸು. ಲಯನ್‌ಫಿಶ್ ಎಂದಾದರೆ ಟ್ರಿಗರ್ ಬೇಡ, ಸ್ನೋಫ್ಲೇಕ್ ಈಲ್ ಇರಲಿ. ಆ ಈಲ್‌ಗೆ ಸಿಗಡಿ, ಏಡಿಯೇ ಇಷ್ಟ, ದೊಡ್ಡ ಮೀನುಗಳ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ. ಕಣ್ಣು ಮಂದ, ವಾಸನೆ ಹಿಡಿದು ಬರುತ್ತದೆ. ಉದ್ದ ಇಕ್ಕಳದಲ್ಲಿ ತುಂಡು ಹಿಡಿದು ಬಾಯಿ ಹತ್ತಿರ ಕೊಡು. ಮುಚ್ಚಳ ಮಾತ್ರ ಬಿಗಿಯಾಗಿರಬೇಕು, ಸಣ್ಣ ಸಂದಿ ಸಿಕ್ಕರೂ ಈಲ್ ಹೊರಗೆ ನುಸುಳುತ್ತದೆ.

ಟ್ರಿಗರ್ ಬೇಕೇ ಬೇಕು ಅಂತಾದರೆ ನೈಜರ್ ಅಥವಾ ಬ್ಲೂಥ್ರೋಟ್ ಎಂಬ ಟ್ರಿಗರ್ ಜಾತಿಗಳನ್ನು ನೋಡು. ಕಡಲಲ್ಲಿ ಇವು ನೀರಲ್ಲಿ ತೇಲುವ ಸಣ್ಣ ಜೀವಿಗಳನ್ನು ತಿಂದು ಬದುಕುವಂಥವು, ಟ್ರಿಗರ್‌ಗಳಲ್ಲಿ ಸಾಧು. ನನಗಂತೂ ಕಡುನೀಲಿ ನೈಜರ್ ಈಜುವುದನ್ನು ನೋಡುವುದೇ ಒಂದು ಖುಷಿ. ಕ್ಲೌನ್ ಟ್ರಿಗರ್ ಮರಿಯಿದ್ದಾಗ ತೆಪ್ಪಗಿರುತ್ತದೆ, ಬೆಳೆದಂತೆ ಜೊತೆಗಾರರನ್ನೆಲ್ಲ ಮುಗಿಸಲು ಹೊರಡುವುದು ಸಾಮಾನ್ಯ. ಅದು 50 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಪ್ಯಾಂಥರ್ ಗ್ರೂಪರ್ 70 ಸೆಂಟಿಮೀಟರ್ ಮುಟ್ಟಬಲ್ಲದು. ಅಂಗಡಿಯಲ್ಲಿ ಬೆರಳುದ್ದದ ಚುಕ್ಕೆ ಮರಿ ಕಂಡು ಮನಸ್ಸು ಕರಗಿಸಿಕೊಳ್ಳಬೇಡ. ಇವೆರಡನ್ನೂ ಪಟ್ಟಿಯಿಂದ ತೆಗೆದುಬಿಡು.

ಮೀನುಗಳನ್ನು ಟ್ಯಾಂಕಿಗೆ ಬಿಡುವ ಕ್ರಮವೂ ಮುಖ್ಯ. ಸಾಧು ಮೀನು ಮೊದಲು, ಎಲ್ಲಕ್ಕಿಂತ ಜೋರಿನದು ಕೊನೆಗೆ. ಮೊದಲು ಬಂದದ್ದು ಇಡೀ ಟ್ಯಾಂಕೇ ತನ್ನದು ಅಂದುಕೊಳ್ಳುತ್ತದೆ. ಹೊಸದನ್ನು ಬಿಡುವ ದಿನ ಕಲ್ಲುಗಳ ಜಾಗ ಬದಲಿಸು, ಹಳೆಯವಕ್ಕೆ ಹೊಟ್ಟೆ ತುಂಬ ಕೊಡು, ದೀಪ ಆರಿಸು. ಒಂದೇ ಆಕಾರ, ಒಂದೇ ಬಣ್ಣದ ಎರಡು ಮೀನು ಸೇರಿಸಿದರೆ ಜಗಳ ಜಾಸ್ತಿ. ಹೊಸ ಮೀನನ್ನು ಕನಿಷ್ಠ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿದ ಮೇಲೆಯೇ ಬಿಡಬೇಕು. ಅಲ್ಲಿ ತಾಮ್ರದ ಔಷಧಿ ಹಾಕುವ ಪ್ರಸಂಗ ಬಂದರೆ ಈಲ್ ಇರುವ ನೀರಿಗೆ ಹಾಕಬೇಡ. ಅದರ ಮೈಮೇಲೆ ಹುರುಪೆಯಿಲ್ಲ, ತಡೆದುಕೊಳ್ಳುವುದಿಲ್ಲ.

ಲಯನ್‌ಫಿಶ್‌ಗೆ ಜೀವಂತ ಗೋಲ್ಡ್‌ಫಿಶ್ ಹಾಕುವ ಅಭ್ಯಾಸ ಶುರು ಮಾಡಲೇಬೇಡ. ಬರೀ ಅದನ್ನೇ ತಿಂದು ಬೆಳೆದ ಮೀನಿನ ಪಿತ್ತಜನಕಾಂಗ ಕೆಡುತ್ತದೆ. ಕಡಲಿನ ಸಿಗಡಿ, ಸ್ಕ್ವಿಡ್ ತುಂಡನ್ನು ಕಡ್ಡಿಗೆ ಸಿಕ್ಕಿಸಿ ಜೀವ ಇರುವಂತೆ ಅಲ್ಲಾಡಿಸು, ಕ್ರಮೇಣ ಕಲಿಯುತ್ತದೆ. ಮಾಂಸ ತಿನ್ನುವ ಮೀನುಗಳ ಗಲೀಜೂ ಜಾಸ್ತಿ, ಆದ್ದರಿಂದ ನೀರಿನ ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಸ್ಕಿಮ್ಮರ್ ಉಪಕರಣ ಟ್ಯಾಂಕಿನ ಅಳತೆಗಿಂತ ಒಂದು ದರ್ಜೆ ದೊಡ್ಡದಿರಲಿ.

ಇನ್ನೊಂದು ಮಾತು, ಇದು ನಿನ್ನ ಸಲುವಾಗಿ. ಲಯನ್‌ಫಿಶ್ ಎಲ್ಲಿದೆ ಅಂತ ನೋಡದೆ ಟ್ಯಾಂಕಿಗೆ ಕೈ ಹಾಕಬೇಡ. ಬೆನ್ನಿನ ಮುಳ್ಳು ಮಾತ್ರವಲ್ಲ, ಹೊಟ್ಟೆಯ ಕೆಳಗಿನ ಮುಳ್ಳುಗಳಲ್ಲೂ ವಿಷವಿದೆ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿ ನೀರಲ್ಲಿ, ಸುಮಾರು 45 ಡಿಗ್ರಿ ಸೆಲ್ಸಿಯಸ್ ದಾಟದಂತೆ, ಗಾಯ ಮುಳುಗಿಸಿಕೊಂಡು ತಡಮಾಡದೆ ವೈದ್ಯರ ಹತ್ತಿರ ಹೋಗು.

ಮುಂದಿನ ಸಲ ಬರೆಯುವಾಗ ಟ್ಯಾಂಕಿನ ಉದ್ದ, ಅಗಲ ತಿಳಿಸು. ಬರೀ ಲೀಟರ್ ಲೆಕ್ಕದಲ್ಲಿ ಟ್ರಿಗರ್‌ಗೆ ಈಜಲು ಜಾಗ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅಲ್ಲಿಯವರೆಗೆ ಯಾವ ಮೀನಿಗೂ ಮುಂಗಡ ಕೊಡಬೇಡ.

ನಿನ್ನ ಪ್ರೀತಿಯ
ದೊಡ್ಡಮ್ಮ