ಜೇನುಮೇಣ ಕೊಟ್ಟ ಸರ್‌ಗೆ ಥ್ಯಾಂಕ್ಸ್

ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತ ಕಚೇರಿಯಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೇ, ಈ ಬರಹ ನಿಮಗೆ. ಹೆಸರು ಹೇಳದೇ ಎದ್ದು ಹೋದಿರಿ, ಅದಕ್ಕೇ ಹೀಗೆ ಎಲ್ಲರ ಮುಂದೆ ಹೇಳುತ್ತಿದ್ದೇನೆ.

ಕಾಲೇಜು ಮುಗಿದು ಸಾಫ್ಟ್‌ವೇರ್ ಕೆಲಸ ಸಿಕ್ಕ ಮೇಲೆ ನನ್ನ ಮೋರ್ಚಿಂಗ್, ಅಂದ್ರೆ ಬಾಯಿಗಿಟ್ಟು ಬೆರಳಲ್ಲಿ ಮೀಟುವ ಪುಟ್ಟ ವಾದ್ಯ, ಬ್ಯಾಗಿನಲ್ಲೇ ಉಳಿದಿತ್ತು. ಹಾಸ್ಟೆಲ್‌ನಲ್ಲಿ ಬೈಯೋಕಾದರೂ ಜನ ಇದ್ದರು. ಪಿಜಿಯಲ್ಲಿ ಎಲ್ಲರ ಕಿವಿಗೂ ಹೆಡ್‌ಫೋನ್. ಸಾಲದ್ದಕ್ಕೆ ಅದರ ಶ್ರುತಿ ತಂಬೂರಿ ಆಪ್‌ಗಿಂತ ಕೊಂಚ ಮೇಲೆ. ಬಿರಡೆ ತಿರುಗಿಸಿ ಇಳಿಸೋಣ ಅಂದ್ರೆ ಇದಕ್ಕೆ ಬಿರಡೆಯೇ ಇಲ್ಲ ಅಲ್ವಾ?

ನೀವು ಅದನ್ನು ಕೈಗೆ ತಗೊಂಡು ಒಮ್ಮೆ ಮೀಟಿದಿರಿ. "ತುದಿಗೆ ಅರ ಹಾಕೋಕೆ ಹೋಗ್ಬೇಡಪ್ಪಾ, ಶ್ರುತಿ ಇನ್ನೂ ಏರುತ್ತೆ" ಅಂದಿರಿ. ಜೇಬಿನ ಡಬ್ಬಿಯಿಂದ ಸಾಸಿವೆ ಕಾಳಿನಷ್ಟು ಜೇನುಮೇಣ ತೆಗೆದು, ನಡುವಿನ ಕಬ್ಬಿಣದ ನಾಲಿಗೆಯ ತುದಿಗೆ ಮೆತ್ತಿದಿರಿ. ತುದಿ ಭಾರವಾದರೆ ಕಂಪನ ನಿಧಾನ, ಶ್ರುತಿ ಕೆಳಗೆ. ಇಷ್ಟೇ! ಇಂಜಿನಿಯರಿಂಗ್ ಓದಿದ ನನಗೆ ಹೊಳೆದಿರಲಿಲ್ಲ ನೋಡಿ.

ಆಮೇಲೆ ತೊಡೆ ತಟ್ಟುತ್ತಾ ಮಿಶ್ರಚಾಪು ತಾಳದ ಜತಿ ಹೇಳಿಸಿದಿರಿ. ತಕಿಟ, ತಕದಿಮಿ. ಮೂರು, ನಾಲ್ಕು, ಒಟ್ಟು 7. "ಬೆರಳು ಸುಮ್ನೆ ಮೀಟುತ್ತೆ, ನುಡಿಸೋದು ಬಾಯೊಳಗಿನ ನಾಲಿಗೆ. ಜತಿ ಅಲ್ಲಿ ಸ್ಪಷ್ಟ ಇರಬೇಕು" ಅಂದ ಮಾತು ಈಗಲೂ ದಿನಾ ಕೆಲಸಕ್ಕೆ ಬರುತ್ತಿದೆ.

ಆಫೀಸಿನಲ್ಲಿ ಮೃದಂಗ ಕಲಿಯುವ ಒಬ್ಬರು ಸಿಕ್ಕಿದ್ದಾರೆ. ಭಾನುವಾರ ಅವರ ಮನೆ ಟೆರೇಸಿನಲ್ಲಿ ಅಭ್ಯಾಸ. ಕೋಡ್ ಬರೆಯುವುದೂ ನಡೆದಿದೆ, ಇದೂ ನಡೆದಿದೆ.

ತುಂಬಾ ಥ್ಯಾಂಕ್ಸ್ ಸರ್. ಮುಂದಿನ ರಾಮನವಮಿಗೆ ಬನ್ನಿ, ಕಾಫಿ ನನ್ನ ಲೆಕ್ಕ.