ಅಮ್ಮ ಎಸೆಯದೆ ಇಟ್ಟ ಕಾಗದಗಳು

ಕಳೆದ ವಾರ ಕ್ಯಾಲಿಫೋರ್ನಿಯಾದಲ್ಲಿ ವಕೀಲೆಯಾಗಿ ಪ್ರಮಾಣ ಮಾಡಿದೆ. ನಿಮ್ಮೆಲ್ಲರ ಮೆಸೇಜುಗಳನ್ನು ಓದಿದೆ. ಒಂದೊಂದು ಸಾಲಿನ ಉತ್ತರ ಕೊಟ್ಟು ಸುಮ್ಮನಿರಲು ಮನಸ್ಸಾಗಲಿಲ್ಲ.

ಅಮೆರಿಕಕ್ಕೆ ಬಂದಾಗ ನನಗೆ ಎಂಟು ವರ್ಷ. ಎರಡು ವರ್ಷಕ್ಕೆ ಅಪ್ಪನ ಕೆಲಸ ಹೋಯಿತು, ಹಿಂದೆಯೇ ವೀಸಾನೂ ಹೋಯಿತು. "ಯಾರ ಹತ್ರಾನೂ ಹೇಳ್ಬೇಡ ಪುಟ್ಟಿ" ಅಂತ ಅಮ್ಮ ದಿನಾ ಹೇಳಿ ಶಾಲೆಗೆ ಕಳಿಸುತ್ತಿದ್ದಳು. ನಮ್ಮ ಜನ ಸೇರಿದ ಕಡೆ ಯಾರಾದರೂ "ಗ್ರೀನ್ ಕಾರ್ಡ್ ಎಲ್ಲಿಗೆ ಬಂತು?" ಅಂದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಚಿಕ್ಕಂದಿನಲ್ಲಿ ಬಂದು, ಇಲ್ಲಿರಲು ಕಾನೂನಿನ ಪೇಪರ್ಸ್ ಇಲ್ಲದ ನನ್ನಂಥವರಿಗೆ ಇಲ್ಲೇ ಉಳಿಯುವ ದಾರಿ ಮಾಡಿಕೊಡುವ ಮಸೂದೆ ಡ್ರೀಮ್ ಆಕ್ಟ್. 2010ರ ಡಿಸೆಂಬರಿನಲ್ಲಿ ಅದು ಸೆನೆಟ್ಟಿನಲ್ಲಿ ಬಿದ್ದುಹೋಯಿತು. ಬೇಕಿದ್ದದ್ದು 60 ಮತ, ಬಂದದ್ದು 55. ಆಮೇಲೆ ಶಾಲೆಯ ಲೈಬ್ರರಿಯಲ್ಲಿ ಒಬ್ಬ ಗೆಳತಿ ಅಳುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತು "ನನಗೂ ಪೇಪರ್ಸ್ ಇಲ್ಲ" ಅಂದೆ. ಮನೆಯ ಹೊರಗೆ ಆ ಮಾತಾಡಿದ್ದು ಅದೇ ಮೊದಲು. ಗೆಳತಿ, ಮೊದಲ ಥ್ಯಾಂಕ್ಸ್ ನಿನಗೆ.

2012ರ ಜೂನ್ 15ರಂದು ಒಬಾಮ ಅಂಥ ಮಕ್ಕಳಿಗಾಗಿಯೇ ಡಾಕಾ (DACA) ಅನ್ನುವ ಯೋಜನೆ ಘೋಷಿಸಿದರು. ಎರಡು ವರ್ಷ ಗಡೀಪಾರಿನ ಭಯ ಇಲ್ಲ, ಕೆಲಸದ ಪರ್ಮಿಟ್ ಸಿಗುತ್ತದೆ. ಆದರೆ 2007ರಿಂದ ಇಲ್ಲೇ ಇದ್ದೆ ಅಂತ ತೋರಿಸಬೇಕು. ಯಾರ ಕಣ್ಣಿಗೂ ಬೀಳದ ಹಾಗೆ ಬದುಕಿದವರು ಸಾಕ್ಷಿ ಎಲ್ಲಿಂದ ತರಬೇಕು? ಅಮ್ಮ ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆದಳು. ಲಸಿಕೆಯ ಚೀಟಿ, ಪ್ರತಿ ವರ್ಷದ ಮಾರ್ಕ್ಸ್ ಕಾರ್ಡು, ಹಲ್ಲಿನ ಡಾಕ್ಟರ ಬಿಲ್ಲು, ನಾನು ಮೂರನೇ ಬಹುಮಾನ ಗೆದ್ದ ಚಿತ್ರಕಲೆ ಸ್ಪರ್ಧೆಯ ಸರ್ಟಿಫಿಕೇಟು. ಒಂದನ್ನೂ ಎಸೆದಿರಲಿಲ್ಲ.

ಶುಲ್ಕ 465 ಡಾಲರ್. ನಮ್ಮ ಹತ್ತಿರ ಇರಲಿಲ್ಲ. ಚರ್ಚಿನ ಹಾಲಿನಲ್ಲಿ ಅರ್ಜಿ ತುಂಬಲು ಸಹಾಯ ಮಾಡುತ್ತಿದ್ದ ಹೆಂಗಸರು ತಮ್ಮತಮ್ಮಲ್ಲೇ ಕೂಡಿಸಿ ಕೊಟ್ಟರು. ಬಹಳ ಜನ ಮನೆಕೆಲಸ ಮಾಡುವವರು. ವಯಸ್ಸು ಮೀರಿದ್ದರಿಂದ ಅವರಿಗೆ ಡಾಕಾ ಸಿಗುವ ಹಾಗೇ ಇರಲಿಲ್ಲ. ಈ ಋಣ ಹೇಗೆ ತೀರಿಸಲಿ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಆ ಹಾಲಿನಲ್ಲೇ ಶನಿವಾರ ಶನಿವಾರ ಕೂತು ಬೇರೆಯವರ ಅರ್ಜಿ ತುಂಬಲು ಶುರುಮಾಡಿದೆ. "ನನ್ನ ಹತ್ರ ಪುರಾವೆ ಏನೂ ಇಲ್ಲ" ಅನ್ನುವ ಹುಡುಗರಿಗೆಲ್ಲ ಮೊದಲು ಹೇಳುತ್ತಿದ್ದದ್ದು, "ನಿಮ್ಮ ಅಮ್ಮನ್ನ ಕೇಳು."

2017ರ ಸೆಪ್ಟೆಂಬರಿನಲ್ಲಿ ಡಾಕಾ ನಿಲ್ಲಿಸುತ್ತೇವೆ ಅಂತ ಸರ್ಕಾರ ಹೇಳಿತು. ಮೆರವಣಿಗೆಗೆ ಬೋರ್ಡು ಬರೆಯುತ್ತಿದ್ದೆ. ಅಮ್ಮ ಬಂದು ನೋಡಿ, "ಹೆಸರು ಇನ್ನೂ ದೊಡ್ಡದಾಗಿ ಬರಿ, ಕಾಣಲಿ" ಅಂದಳು. ಯಾರಿಗೂ ಹೇಳಬೇಡ ಅಂದಿದ್ದ ಅಮ್ಮ! 2020ರ ಜೂನಿನಲ್ಲಿ ಸುಪ್ರೀಂ ಕೋರ್ಟು 5-4ರ ತೀರ್ಪಿನಲ್ಲಿ ಡಾಕಾ ಉಳಿಸಿದಾಗ ಇಬ್ಬರೂ ಮಾತಿಲ್ಲದೆ ಕೈ ಹಿಡಿದುಕೊಂಡು ಕೂತಿದ್ದೆವು.

ಸೆರ್ಜಿಯೋ ಗಾರ್ಸಿಯಾ ಅವರೇ, ನಿಮ್ಮ ಪರಿಚಯ ನನಗಿಲ್ಲ. ಪೇಪರ್ಸ್ ಇಲ್ಲದ ನೀವು ವರ್ಷಗಟ್ಟಲೆ ಕಾದು, 2014ರಲ್ಲಿ ಈ ರಾಜ್ಯದ ಸುಪ್ರೀಂ ಕೋರ್ಟಿನಿಂದ ವಕೀಲಿಕೆಯ ಹಕ್ಕು ಪಡೆದಿರಿ. ಆ ದಾರಿಯಲ್ಲೇ ನಾನು ನಡೆದು ಬಂದೆ.

ಟೆಕ್ಸಾಸ್ ಕೋರ್ಟಿನ ತೀರ್ಪಿನಿಂದ 2021ರಲ್ಲಿ ಡಾಕಾದ ಹೊಸ ಅರ್ಜಿಗಳ ಮಂಜೂರಾತಿ ನಿಂತುಹೋಯಿತು. ನಾನು ಅರ್ಜಿ ತುಂಬಿಕೊಟ್ಟ ಎಷ್ಟೋ ಮಕ್ಕಳ ತಮ್ಮ ತಂಗಿಯರು ಅಲ್ಲೇ ಸಿಕ್ಕಿಕೊಂಡರು. ಅವರ ಫೈಲು ನನ್ನ ಮೇಜಿನ ಮೇಲಿದೆ, ಸೋಮವಾರದಿಂದ ಅದೇ ಕೆಲಸ.

ಅಮ್ಮನಿಗೆ ಇವತ್ತಿಗೂ ಪೇಪರ್ಸ್ ಇಲ್ಲ. ಪ್ರಮಾಣದ ದಿನ ನನ್ನ ಹೆಸರಿದ್ದ ಹಾಳೆಯನ್ನು ಅವಳು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ರಾತ್ರಿ ಮನೆಗೆ ಬಂದವಳೇ ಮಂಚದ ಕೆಳಗೆ ಬಗ್ಗಿದಳು.