ಸರದಿ ಬಂತು ಅಂತ ಸುಮ್ಮನೆ ನಿಲ್ಲಬೇಡ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

‘ಯಾಕುಜಾ: ಲೈಕ್ ಎ ಡ್ರ್ಯಾಗನ್’ ವಿಡಿಯೋ ಆಟವನ್ನು ಮೂರನೇ ಅಧ್ಯಾಯದಲ್ಲೇ ಕೈಬಿಟ್ಟೆ ಅಂತ ಬರೆದಿದ್ದೀಯ. ಹಳೆಯ ಆಟಗಳ ನಾಯಕ ಕಿರ್ಯೂ ಇಲ್ಲ, ಹೊಡೆದಾಟ ಒಬ್ಬರಾದ ಮೇಲೊಬ್ಬರು ಏಟು ಹಾಕೋ ಹಾಗೆ ಸರದಿ ಪ್ರಕಾರ ನಡೆಯುತ್ತೆ, ಇದು ನಮ್ಮ ಸರಣಿಯೇ ಅಲ್ಲ ಅನ್ನೋದು ನಿನ್ನ ದೂರು. ದಯವಿಟ್ಟು ಮತ್ತೆ ಕೈಗೆತ್ತಿಕೋ. ಮೊದಲ ಅಧ್ಯಾಯಗಳಲ್ಲಿ ಆಡೋದಕ್ಕಿಂತ ನೋಡೋದೇ ಹೆಚ್ಚು, ಅದನ್ನ ಒಪ್ಪುತ್ತೀನಿ. ಆದರೆ ಆಟ ಪೂರ್ತಿ ಬಾಗಿಲು ತೆಗೆಯೋದು ಐದನೇ ಅಧ್ಯಾಯದಲ್ಲಿ. ನೀನು ಹೊಸ್ತಿಲಿಂದಲೇ ತಿರುಗಿಬಿಟ್ಟೆ.

2005ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಮೊದಲ ಆಟ ಬಂದಾಗಿನಿಂದ ಈ ಸರಣಿಯ ಹೊಡೆದಾಟ ಅಂದರೆ ಬೀದಿ ಜಗಳ. ಕಿರ್ಯೂ ಒಬ್ಬನೇ ನುಗ್ಗಿ ಹತ್ತು ಜನರನ್ನ ಮಲಗಿಸುತ್ತಿದ್ದ. 2019ರ ಏಪ್ರಿಲ್ 1ರಂದು ಸರದಿ ಹೊಡೆದಾಟದ ವಿಡಿಯೋ ಬಂದಾಗ ಎಲ್ಲರೂ ಅದನ್ನ ಏಪ್ರಿಲ್ ಫೂಲ್ ಅಂದುಕೊಂಡರು. 2020ರ ಜನವರಿಯಲ್ಲಿ ಜಪಾನಿನಲ್ಲಿ ಬಂದ ಆಟ ನೋಡಿದರೆ ಅದೇ ನಿಜ! ಆದರೆ ಇದು ಹುಚ್ಚಾಟಕ್ಕೆ ಮಾಡಿದ ಬದಲಾವಣೆ ಅಲ್ಲ ಕಣೋ. ಈ ಆಟದ ನಾಯಕ ಇಚಿಬಾನ್ ಕಸುಗಾ ಕಿರ್ಯೂ ಥರ ಒಂಟಿ ಸಲಗ ಅಲ್ಲ. ಬೇರೆಯವರ ಕೊಲೆ ಆರೋಪ ತನ್ನ ಮೇಲೆ ಹಾಕಿಕೊಂಡು 18 ವರ್ಷ ಜೈಲಲ್ಲಿ ಕೂತು ಬಂದವನು. ತಂದೆಯಂತೆ ನಂಬಿದವನ ಗುಂಡು ತಿಂದು ಯೊಕೊಹಾಮಾದ ಇಜಿಂಚೋ ಬಡಾವಣೆಯಲ್ಲಿ, ಮನೆಯಿಲ್ಲದವರ ಗುಡಾರಗಳ ನಡುವೆ ಕಣ್ಣು ಬಿಡುತ್ತಾನೆ. ಜೊತೆಗಿರೋದು ಯಾರು? ಕೆಲಸ ಕಳೆದುಕೊಂಡ ನರ್ಸ್ ನಾನ್ಬಾ, ಪೊಲೀಸ್ ಇಲಾಖೆಯಿಂದ ಹೊರಬಿದ್ದ ಅದಾಚಿ, ಬಾರ್ ನಡೆಸುತ್ತಿದ್ದ ಸಾಯೆಕೋ. ಒಬ್ಬೊಬ್ಬರಿಂದಲೂ ಏನೂ ಆಗಲ್ಲ, ನಾಲ್ಕು ಜನ ಸೇರಿದರೆ ಆಗುತ್ತೆ. ಅದನ್ನ ಹೇಳೋಕೆ ಸರದಿ ಹೊಡೆದಾಟಕ್ಕಿಂತ ಒಳ್ಳೆ ದಾರಿ ಯಾವುದಿದೆ? ಇಚಿಬಾನ್ ಚಿಕ್ಕಂದಿನಿಂದ ಸರದಿ ಹೊಡೆದಾಟದ ಹಳೆಯ ಆಟ ‘ಡ್ರ್ಯಾಗನ್ ಕ್ವೆಸ್ಟ್’ ಆಡಿ ಬೆಳೆದವನು. ಜಗಳ ಶುರುವಾದ ಕೂಡಲೇ ಎದುರಿನ ಪುಂಡರ ವೇಷ ಬದಲಾಗೋದು ಅವನ ಕಣ್ಣಿಗೆ ಅವರು ಹಾಗೆ ಕಾಣೋದರಿಂದ.

ಈಗ ನೀನು ಎಡವಿದ ಜಾಗಕ್ಕೆ ಬರ್ತೀನಿ. ಸರದಿ ಅಂದ ಕೂಡಲೇ ನೀನು ಕಂಟ್ರೋಲರ್ ಮಡಿಲಲ್ಲಿಟ್ಟು ನಿಧಾನವಾಗಿ ಯೋಚಿಸಿದ್ದೀಯ ಅನಿಸುತ್ತೆ. ಇಲ್ಲಿ ಮೆನು ತೆರೆದಿದ್ದಾಗಲೂ ಎದುರಾಳಿಗಳು ಅತ್ತಿತ್ತ ಓಡಾಡುತ್ತಲೇ ಇರುತ್ತಾರೆ. ಅದಾಚಿ ಒಬ್ಬನನ್ನ ನೆಲಕ್ಕೆ ಕೆಡವಿದ ಅಂದುಕೋ. ಮುಂದಿನ ಸರದಿ ಇಚಿಬಾನ್‌ನದು. ಬಿದ್ದವನು ಇನ್ನೂ ಮೊಣಕೈ ಊರಿ ಏಳುತ್ತಿದ್ದಾನೆ. ಆ ಒಂದೆರಡು ಸೆಕೆಂಡಲ್ಲಿ ಮಾಮೂಲಿ ಏಟು ಒತ್ತಿಬಿಟ್ಟರೆ ಇಚಿಬಾನ್ ಓಡಿ ಹೋಗಿ ಬಿದ್ದವನ ಮೇಲೇ ಬಾರಿಸುತ್ತಾನೆ, ಪೆಟ್ಟು ಜೋರಾಗಿ ಬೀಳುತ್ತೆ. ಯಾವ ಸ್ಕಿಲ್ (ವಿಶೇಷ ಏಟು) ತೆಗೀಲಿ ಅಂತ ಪಟ್ಟಿ ನೋಡ್ತಾ ಕೂತರೆ ಅವನು ಎದ್ದು ನಿಂತಿರುತ್ತಾನೆ. ಹಾಗಾಗಿ ನಿನ್ನ ಸರದಿ ಬರೋ ಮೊದಲೇ ಮುಂದಿನ ಏಟು ತಲೆಯಲ್ಲಿರಲಿ.

ಗುಂಪಿನ ಮೇಲೆ ಬೀಳೋ ಏಟುಗಳಿಗೆ ಇದರ ಉಲ್ಟಾ. ಅಲ್ಲಿ ಕಾಯಬೇಕು. ಚದುರಿದವರು ಅಡ್ಡಾಡುತ್ತಾ ಹತ್ತಿರ ಹತ್ತಿರ ಬಂದ ಕ್ಷಣ ಒತ್ತಿದರೆ ಒಂದೇ ಏಟಿಗೆ ಮೂವರು. ದೂರದವನಿಗೆ ಗುರಿ ಇಡುವಾಗ ದಾರಿ ನೋಡಿಕೋ, ನಡುವೆ ನಿಂತವನು ನಿನ್ನವನನ್ನ ತಡೆದು ಹೊಡೆದರೆ ಆ ಸರದಿ ವ್ಯರ್ಥ. ಪಕ್ಕದಲ್ಲಿ ಸೈಕಲ್ಲೋ ರಸ್ತೆಯ ಕೋನೋ ಇದ್ದರೆ ಅದನ್ನೆತ್ತಿ ಬೀಸುತ್ತಾರೆ, ಅದಕ್ಕೆ ನೀನು ಏನೂ ಒತ್ತಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯ ಪರ್ಫೆಕ್ಟ್ ಗಾರ್ಡ್. ಎದುರಾಳಿಯ ಏಟು ಮೈಗೆ ತಾಗುವ ಹೊತ್ತಿಗೆ ಸರಿಯಾಗಿ ಪ್ಲೇಸ್ಟೇಷನ್ ಆದರೆ ಸರ್ಕಲ್ ಗುಂಡಿ, ಎಕ್ಸ್‌ಬಾಕ್ಸ್ ಆದರೆ ಬಿ ಒತ್ತಬೇಕು. ಅವನು ಕೈ ಎತ್ತಿದಾಗಲೇ ಒತ್ತಿದರೆ ಬೇಗ ಆಯಿತು, ಪ್ರಯೋಜನವಿಲ್ಲ. ಕೈ ಕೆಳಗಿಳಿಯೋದನ್ನ ನೋಡು. ಸಣ್ಣಪುಟ್ಟ ಪುಂಡರ ಮೇಲೆ ಇದನ್ನ ರೂಢಿ ಮಾಡಿಕೊಂಡರೆ ದೊಡ್ಡ ಎದುರಾಳಿಗಳಾದ ಬಾಸ್‌ಗಳ ಎದುರು ಅರ್ಧ ಔಷಧಿ ಉಳಿಯುತ್ತೆ. ಹಳೆಯ ಆಟಗಳಲ್ಲಿ ನೀನು ಗಳಿಸಿದ ಕೈಚಳಕ ಸತ್ತಿಲ್ಲ, ಇಲ್ಲಿಗೆ ಬಂದು ಕೂತಿದೆ.

ಆಟದಲ್ಲಿ ಹೆಲೋ ವರ್ಕ್ ಅನ್ನೋ ಉದ್ಯೋಗ ಕಚೇರಿ ತೆರೆದ ಮೇಲೆ ತಂಡದವರ ವೃತ್ತಿ ಬದಲಿಸಬಹುದು, ಹೊಡೆಯೋ ರೀತಿಯೂ ಅದರ ಜೊತೆ ಬದಲಾಗುತ್ತೆ. ಅಡುಗೆಯವ, ಬೀದಿ ಸಂಗೀತಗಾರ, ಜ್ಯೋತಿಷಿ, ಸುತ್ತಿಗೆ ಹಿಡಿದ ಮೇಸ್ತ್ರಿ, ಎಲ್ಲವೂ ಇವೆ. ಹೊಸ ಉತ್ಸಾಹದಲ್ಲಿ ನಾಲ್ವರನ್ನೂ ಒಟ್ಟಿಗೆ ಬದಲಿಸಬೇಡ. ಹೊಸ ವೃತ್ತಿಯ ರ್‍ಯಾಂಕ್ 1ರಿಂದ ಶುರುವಾಗುತ್ತೆ, ಆಯುಧವೂ ವೃತ್ತಿಗೆ ತಕ್ಕಂತೆ ಬೇರೆ, ಹಾಗಾಗಿ ಒಂದಿಷ್ಟು ಹೊತ್ತು ತಂಡ ಸೊರಗುತ್ತೆ. ಒಮ್ಮೆಗೆ ಒಬ್ಬರನ್ನ ಬದಲಿಸು. ಇಚಿಬಾನ್‌ನನ್ನ ಹೀರೋ ಆಗಿಯೇ ಬಿಟ್ಟರೂ ನಷ್ಟವಿಲ್ಲ, ಆದರೆ ಒಂದಿಷ್ಟು ದಿನ ಮೇಸ್ತ್ರಿ ಮಾಡಿಸು. ಬಿರುಕು ಬಿಟ್ಟ ಗೋಡೆಗಳನ್ನ ಒಡೆಯೋ ಶಕ್ತಿ ಆ ವೃತ್ತಿಯಿಂದಲೇ ಬರೋದು. ಸಾಯೆಕೋಳನ್ನ ಐಡಲ್ (ಹಾಡಿ ಕುಣಿಯೋ ತಾರೆ) ಮಾಡಿದರೆ ತಂಡಕ್ಕೆ ಒಳ್ಳೆ ವೈದ್ಯೆ ಸಿಕ್ಕಳು ಅಂತಲೇ ತಿಳಿ. ರ್‍ಯಾಂಕ್ ಏರುವಾಗ ಸಿಗುವ ಕೆಲವು ಬಲಗಳು ಶಾಶ್ವತ, ಕೆಲವು ಸ್ಕಿಲ್‌ಗಳು ವೃತ್ತಿ ಬದಲಿಸಿದರೂ ಜೊತೆಗೇ ಬರುತ್ತವೆ. ಪಟ್ಟಿಯಲ್ಲಿ ನೋಡಿಕೊಂಡು ಆರಿಸು.

ದುಡ್ಡಿನ ವಿಷಯ. ಇಚಿಬಾನ್ ಬಿದ್ದರೆ ಉಳಿದವರು ನಿಂತಿದ್ದರೂ ಆಟ ಮುಗೀತು, ಮುಂದುವರಿಸಿದರೆ ಕೈಯಲ್ಲಿದ್ದ ಹಣದಲ್ಲಿ ಅರ್ಧ ಹೋಗುತ್ತೆ. ಬಾಸ್ ಹತ್ತಿರ ಬಂತು ಅನ್ನಿಸಿದ ಕೂಡಲೇ ಎಟಿಎಂಗೆ ಹಾಕಿಬಿಡು. ಗಳಿಸೋಕೆ ಇದರೊಳಗೇ ಇರೋ ಕಂಪನಿ ನಡೆಸೋ ಕಿರು ಆಟವೇ ಸಾಕು. ಶುರುವಲ್ಲಿ ಷೇರುದಾರರ ಸಭೆ ಕಷ್ಟ ಅನಿಸುತ್ತೆ. ಷೇರುದಾರರ ಬಣ್ಣಕ್ಕೆ ಎದುರಾಗೋ ಬಣ್ಣದ ನೌಕರರನ್ನ ಕೂರಿಸಿದರೆ ಸಲೀಸು. ಒಂದನೇ ಸ್ಥಾನ ಮುಟ್ಟಿದ ಮೇಲೆ ಒಂದೊಂದು ಸುತ್ತಿಗೂ 30 ಲಕ್ಷ ಯೆನ್ ಬರುತ್ತೆ. ಒಳ್ಳೆ ಆಯುಧಗಳಿಗೆ ಬೇಕಾಗೋ ಹಣವನ್ನ ಬೀದಿ ಜಗಳದಿಂದ ಕೂಡಿಸೋಕೆ ಹೊರಟರೆ ಬೇಸರ ಬಂದು ಮತ್ತೆ ಆಟ ಬಿಡ್ತೀಯ.

ಇನ್ನು 12ನೇ ಅಧ್ಯಾಯ. ಅಲ್ಲಿವರೆಗೆ ಕಥೆಯ ಓಟಕ್ಕೆ ಲೆವೆಲ್ ಸಾಕಾಗುತ್ತೆ, ಅಲ್ಲಿ ಇದ್ದಕ್ಕಿದ್ದಂತೆ ಗೋಡೆ. ಹಳೆಯ ಆಟಗಳಿಂದ ನಿನಗೆ ಚೆನ್ನಾಗಿ ಪರಿಚಯವಿರೋ ಮಾಜಿಮಾ ಮತ್ತು ಸಾಯೆಜಿಮಾ ಒಟ್ಟಿಗೆ ಎದುರಾಗುತ್ತಾರೆ. ಈ ಏರು ಸರಿಯಾಗಿ ಹದಗೊಂಡಿಲ್ಲ, ಆಟದ ದೊಡ್ಡ ಕೊರತೆ ಇದೇ ಅಂತ ನನ್ನ ಅಭಿಪ್ರಾಯ. ಲೆವೆಲ್ 50ರ ಆಸುಪಾಸಿಗೆ ಬರದೆ ಹೋಗಬೇಡ. ಸೊಟೆನ್‌ಬೋರಿಯಲ್ಲಿ (ಆಟದ ಒಸಾಕಾ ಬಡಾವಣೆ) 30 ಮಹಡಿಗಳ ಅಖಾಡ ಇದೆ, ಲೆವೆಲ್ಲೂ ಸಾಮಗ್ರಿಯೂ ಎರಡೂ ಅಲ್ಲಿ ಸಿಗುತ್ತವೆ. ಪ್ರಾಣಕ್ಕೆ ಸ್ಟಾಮಿನಾನ್, ಸ್ಕಿಲ್ ಶಕ್ತಿಗೆ ಟೌರಿನರ್, ಚೀಲ ತುಂಬ ಇಟ್ಟುಕೋ. ಇಬ್ಬರನ್ನೂ ಸಮವಾಗಿ ಸವೆಸೋಕೆ ಹೋಗದೆ ಒಬ್ಬನನ್ನೇ ಹಿಡಿ. ಒಬ್ಬ ಬಿದ್ದರೆ ಎದುರಿನ ಸರದಿಗಳೂ ಅರ್ಧಕ್ಕೆ ಇಳಿಯುತ್ತವೆ.

ತಂಡದವರು ಸೇರೋ ಸರ್ವೈವ್ ಬಾರ್‌ಗೆ ಆಗಾಗ ಹೋಗೋದನ್ನ ಮರೀಬೇಡ. ಅಲ್ಲಿ ಕೂತು ಒಬ್ಬೊಬ್ಬರ ಕಥೆ ಕೇಳಿದಷ್ಟೂ ಬಾಂಧವ್ಯ ಗಟ್ಟಿಯಾಗಿ, ನೀನು ಕೆಡವಿದವನ ಮೇಲೆ ಪಕ್ಕದವರೂ ತಾವಾಗಿ ಬಂದು ಒಂದೇಟು ಹಾಕುತ್ತಾರೆ. ನಾನ್ಬಾನ ಮಾತನ್ನ ಮಾತ್ರ ಸ್ಕಿಪ್ ಮಾಡದೆ ಪೂರ್ತಿ ಕೇಳು.

ಐದನೇ ಅಧ್ಯಾಯ ದಾಟಿದ ಮೇಲೆ ಬರಿ, ಯಾರನ್ನ ಯಾವ ವೃತ್ತಿಗೆ ಹಾಕಿದೆ ಅಂತ.

ಇಂತಿ,
ನಿನ್ನ ಗೆಳೆಯ